ಕುಂಕುಮವೂ ಬೂದು, ವೀಳ್ಯದೆಲೆಯೂ ಬೂದು

ಮೈಸೂರಿನ ದೇವರಾಜ ಮಾರುಕಟ್ಟೆಗೆ ಕ್ಯಾಮೆರಾ ಹಿಡಿದು ಹೋದವರು ಕುಂಕುಮದ ಗುಡ್ಡೆಯ ಫೋಟೊ ತೆಗೆಯದೆ ಬರುವುದಿಲ್ಲ. ನಾನೂ ತೆಗೆದೆ. ಮುಂದೆ ಗೋಪುರದ ಹಾಗೆ ಒಟ್ಟಿದ ಕೆಂಪು ಕುಂಕುಮ, ಹಿಂದೆ ವೀಳ್ಯದೆಲೆಯ ಕಟ್ಟು. ಮನೆಗೆ ಬಂದು ಕಪ್ಪುಬಿಳುಪಿಗೆ ತಿರುಗಿಸಿದರೆ ಗುಡ್ಡೆಯೇ ಮಾಯ! ಎಲೆ ಯಾವುದು, ಕುಂಕುಮ ಯಾವುದು ಎಂದು ಗುರುತು ಸಿಗದಂತೆ ಎಲ್ಲ ಒಂದೇ ಬೂದು.

ಕಾರಣ ಒಂದು ಸಣ್ಣ ಲೆಕ್ಕ. ಬಣ್ಣದ ಚಿತ್ರವನ್ನು ಕಪ್ಪುಬಿಳುಪು ಮಾಡುವಾಗ ಬಹಳ ಕಾಲದಿಂದ ಬಳಕೆಯಲ್ಲಿರುವ ಸೂತ್ರ ಕೆಂಪಿಗೆ ನೂರಕ್ಕೆ 30, ಹಸಿರಿಗೆ 59, ನೀಲಿಗೆ 11 ಪಾಲು ಕೊಡುತ್ತದೆ. ಕುಂಕುಮದಲ್ಲಿ ಕೆಂಪು ಬೇಕಾದಷ್ಟಿದೆ, ಆದರೆ ಅದಕ್ಕೆ ಸಿಗುವ ಪಾಲು ಕಮ್ಮಿ. ಹಸಿರಿಗೆ ಪಾಲು ಜಾಸ್ತಿ, ಆದರೆ ಎಲೆಯೇ ಕಡುಬಣ್ಣದ್ದು. ಎರಡೂ ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಲ್ಲುತ್ತವೆ. ಪಕ್ಕದ ಅರಿಶಿನ ಮಾತ್ರ ತಿಳಿಯಾಗಿ ಕಾಣುತ್ತದೆ.

ಒಂದು ವಸ್ತುವನ್ನು ಇನ್ನೊಂದರಿಂದ ಬಿಡಿಸಿ ತೋರಿಸುವ ಕೆಲಸವನ್ನು ಅಲ್ಲಿಯವರೆಗೆ ಬಣ್ಣ ಮಾಡುತ್ತಿತ್ತು. ಅದು ಹೋದ ಮೇಲೆ ಆ ಕೆಲಸ ಇಬ್ಬರ ಮೇಲೆ ಬೀಳುತ್ತದೆ. ಚಿತ್ರದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟವಾಗಿರಬೇಕು ಎನ್ನುವ ಡೆಪ್ತ್ ಆಫ್ ಫೀಲ್ಡ್ ಒಂದು. ಕಪ್ಪು ಎಷ್ಟು, ಬಿಳುಪು ಎಷ್ಟು ಎನ್ನುವ ಕಾಂಟ್ರಾಸ್ಟ್ ಇನ್ನೊಂದು. ಇವೆರಡನ್ನೂ ಅದೇ ಮಾರುಕಟ್ಟೆಯಲ್ಲಿ ಕಲಿಯೋಣ.

ಮೊದಲು ಕ್ಯಾಮೆರಾ

ಚಿತ್ರವನ್ನು ರಾ ಫೈಲ್ (ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಇಟ್ಟುಕೊಳ್ಳುವ ಫೈಲ್) ಆಗಿ ಉಳಿಸುವ ಹಾಗೆ ಇಡಿ. ಪಿಕ್ಚರ್ ಸ್ಟೈಲನ್ನು ಮಾನೋಕ್ರೋಮ್‌ಗೆ ಹಾಕಿ. ಆಗ ಪರದೆಯಲ್ಲಿ ಕಪ್ಪುಬಿಳುಪು ಕಾಣುತ್ತದೆ, ಫೈಲಿನೊಳಗೆ ಬಣ್ಣವೂ ಇರುತ್ತದೆ. ಆ ಬಣ್ಣ ಆಮೇಲೆ ಬೇಕಾಗುತ್ತದೆ. ಮೋಡನ್ನು ‘ಎ’ ಅಥವಾ ‘ಎವಿ’ಗೆ ತಿರುಗಿಸಿ. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ನಿಮ್ಮ ಕೈಯಲ್ಲಿ. ಬೆಳಕು ಎಷ್ಟು ಹೊತ್ತು ಬರಬೇಕು ಎನ್ನುವ ಶಟರ್ ಕ್ಯಾಮೆರಾದ ಪಾಲಿಗೆ.

ಎಷ್ಟು ದೂರ ಸ್ಪಷ್ಟ?

ಅಪರ್ಚರ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಸ್ಪಷ್ಟವಾಗಿರುವ ಜಾಗ ತೆಳು. ಫುಲ್ ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ ಹಳೆಯ ರೀಲಿನ ಚೌಕಟ್ಟಿನಷ್ಟೇ ದೊಡ್ಡದಿರುವ) ಕ್ಯಾಮೆರಾಗೆ 50 ಎಂಎಂ ಲೆನ್ಸ್ ಹಾಕಿ, 2 ಮೀಟರ್ ದೂರದಲ್ಲಿ ಹೂ ಕಟ್ಟುತ್ತಿರುವ ಅಜ್ಜಿಯ ಮೇಲೆ ಫೋಕಸ್ ಮಾಡಿದಿರಿ ಅನ್ನಿ. ಎಫ್ 1.8ರಲ್ಲಿ ಸ್ಪಷ್ಟವಾಗಿ ಬರುವುದು ಬರೀ 17 ಸೆಂಟಿಮೀಟರ್‌ನಷ್ಟು ಜಾಗ. ಕಣ್ಣು ಚೆನ್ನಾಗಿ ಬಂದರೆ ಮುಂದೆ ಚಾಚಿದ ಬೆರಳು, ಅದರಲ್ಲಿರುವ ಮಲ್ಲಿಗೆ ದಂಡೆ ಎರಡೂ ಮಸುಕು. ಎಫ್ 8ಕ್ಕೆ ಹೋದರೆ ಇದು 80 ಸೆಂಟಿಮೀಟರ್ ಆಗುತ್ತದೆ. ಮುಖವೂ ಕೈಯೂ ಸಿಗುತ್ತವೆ, ಹಿಂದಿನ ಅಂಗಡಿ ಆಗಲೂ ಸ್ವಲ್ಪ ಮೆತ್ತಗೇ ಇರುತ್ತದೆ. ಹೂ ಕಟ್ಟುವವರ ಚಿತ್ರಕ್ಕೆ ನನ್ನ ಆಯ್ಕೆ ಎಫ್ 4ರಿಂದ ಎಫ್ 5.6. ಬೆರಳಿಲ್ಲದೆ ಆ ಕೆಲಸದ ಚಿತ್ರವೇ ಇಲ್ಲ, ಅಲ್ವಾ?

ಅಪರ್ಚರ್ ಒಂದರಿಂದಲೇ ಎಲ್ಲವೂ ಆಗುವುದಿಲ್ಲ. ಹತ್ತಿರ ಹೋದಷ್ಟೂ ಹಿನ್ನೆಲೆ ಕರಗುತ್ತದೆ, ಜೂಮ್ ಮಾಡಿದರೂ ಅಷ್ಟೇ.

ಇಡೀ ಓಣಿಯೇ ಬೇಕು, ಮುಂದಿನ ಬಾಳೆಗೊನೆಯಿಂದ ಕೊನೆಯ ಕಮಾನಿನವರೆಗೆ? ಹಾಗಾದರೆ ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ ಸಾಮಾನ್ಯ ಕ್ರಾಪ್ ಕ್ಯಾಮೆರಾದ ಜೊತೆಗೇ ಬರುವ ಕಿಟ್ ಲೆನ್ಸನ್ನು 18 ಎಂಎಂಗೆ ತನ್ನಿ, ಎಫ್ 8 ಇಡಿ, ಸುಮಾರು 2 ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿ. ಒಂದು ಮೀಟರಿನಿಂದ ಆಚೆಗಿನದೆಲ್ಲ ಸ್ಪಷ್ಟ. ಎಫ್ 22ಕ್ಕೆ ಹೋಗುವುದು ಬೇಡ. ಕಿಂಡಿ ತೀರಾ ಕಿರಿದಾದರೆ ಬೆಳಕು ಅಂಚಿನಲ್ಲಿ ಚದುರಿ ಇಡೀ ಚಿತ್ರ ಮೆತ್ತಗಾಗುತ್ತದೆ.

ಫೋನಿನವರಿಗೆ ಒಂದು ಮಾತು. ಫೋನಿನ ಲೆನ್ಸ್ ಮೇಲೂ 1.8 ಅಂತ ಬರೆದಿರುತ್ತದೆ, ಆದರೆ ಸೆನ್ಸರ್ ಪುಟ್ಟದು. ಹಾಗಾಗಿ ದೂರದಿಂದ ತೆಗೆದರೆ ಎಲ್ಲವೂ ಸ್ಪಷ್ಟವಾಗಿಯೇ ಬರುತ್ತದೆ. ಕುಂಕುಮದ ಗುಡ್ಡೆಗೆ ಗೇಣಿನಷ್ಟು ಹತ್ತಿರ ಹಿಡಿಯಿರಿ, ಹಿನ್ನೆಲೆ ತಾನೇ ಮಸುಕಾಗುತ್ತದೆ. ಪೋರ್ಟ್ರೇಟ್ ಮೋಡ್ ಹೂವಿನ ದಾರವನ್ನೂ ಕೆದರಿದ ಕೂದಲನ್ನೂ ಅರ್ಧಕ್ಕೇ ಕತ್ತರಿಸಿಬಿಡುತ್ತದೆ. ನನಗಂತೂ ಅದು ಸೇರುವುದಿಲ್ಲ.

ಮಸುಕು ಮಾಡಿದರೆ ಸಾಲದು

ಹೊಸಬರು ಎಡವುವುದು ಇಲ್ಲೇ. ಬಣ್ಣದ ಚಿತ್ರದಲ್ಲಿ ಹಸಿರು ಹಿನ್ನೆಲೆ ಮಸುಕಾದರೆ ಮುಖ ಎದ್ದು ಬರುತ್ತದೆ. ಕಪ್ಪುಬಿಳುಪಿನಲ್ಲಿ ಆ ಹಸಿರೂ ಮುಖವೂ ಒಂದೇ ಬೂದು ಆಗಿದ್ದರೆ, ಎಷ್ಟೇ ಮಸುಕು ಮಾಡಿ, ಮುಖ ಹಿನ್ನೆಲೆಗೆ ಅಂಟಿಕೊಂಡೇ ಇರುತ್ತದೆ. ಜೊತೆಗೆ ಹಿಂದೆಲ್ಲೋ ಟಾರ್ಪಾಲಿನ ಸಂದಿಯ ಬಿಸಿಲು ಒಂದು ಬಿಳಿ ಉಂಡೆಯಾಗಿ ನಿಂತು, ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ.

ಪರಿಹಾರ ಕಾಲಿನಲ್ಲಿದೆ. ಎಡಕ್ಕೋ ಬಲಕ್ಕೋ ಅರ್ಧ ಹೆಜ್ಜೆ ಸರಿಯಿರಿ. ಬೆಳಗಿದ ಮುಖದ ಹಿಂದೆ ಕತ್ತಲೆಯ ಮಳಿಗೆ ಬರಲಿ, ನೆರಳಿನ ಮುಖವಾದರೆ ಹಿಂದೆ ಬೆಳಗಿದ ಗೋಡೆ ಬರಲಿ. ನಾನು ಒಂದು ಕಣ್ಣು ಅರೆಮುಚ್ಚಿ ನೋಡುತ್ತೇನೆ. ವಿವರ ಹೋಗಿ ಬೆಳಕು, ಕತ್ತಲೆಯ ತುಂಡುಗಳಷ್ಟೇ ಉಳಿಯುತ್ತವೆ.

ಬೆಳಿಗ್ಗೆ ಓರೆಯಾಗಿ ಬೀಳುವ ಬಿಸಿಲು ಇದಕ್ಕೆ ಹೇಳಿಮಾಡಿಸಿದ್ದು. ಮೈಸೂರಿನಲ್ಲೇ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ಗೆ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೊದೊಳಗೆ ತಿರುಗಿಸಿ ಬೆಳಕಿನ ಕೋಲು ಇಳಿಸಿದ್ದರು. ನಮಗೆ ಮಾರುಕಟ್ಟೆಯಲ್ಲಿ ಅದು ಪುಕ್ಕಟೆ ಸಿಗುತ್ತದೆ.

ಮೀಟರನ್ನು ಪೂರ್ತಿ ನಂಬಬೇಡಿ

ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ಎಲ್ಲವನ್ನೂ ನಡು ಬೂದಿಗೆ ತರಲು ನೋಡುತ್ತದೆ. ಫ್ರೇಮಿನ ತುಂಬ ಮಲ್ಲಿಗೆ ಇದ್ದರೆ ಅದು ಮಾಸಲಾಗುತ್ತದೆ. ಆಗ ಮೀಟರಿನ ಲೆಕ್ಕಕ್ಕಿಂತ ಬೆಳಕನ್ನು ಹೆಚ್ಚುಕಮ್ಮಿ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ +1 ಕೊಡಿ. ಅದೇ ಮಲ್ಲಿಗೆ ಕತ್ತಲೆ ಮಳಿಗೆಯ ನಡುವೆ ಒಂದು ಬಿಸಿಲ ಪಟ್ಟಿಯಲ್ಲಿದ್ದರೆ ಮೀಟರ್ ಕತ್ತಲೆ ನೋಡಿ ಬೆಳಕು ಜಾಸ್ತಿ ಮಾಡುತ್ತದೆ, ಹೂವಿನ ಎಸಳೆಲ್ಲ ಸುಣ್ಣ ಬಳಿದ ಹಾಗಾಗುತ್ತದೆ. ಆಗ –1. ಎಸಳಿನ ಗೆರೆ ಒಮ್ಮೆ ಹೋದರೆ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ. ನೆರಳಿನ ವಿವರವನ್ನಾದರೆ ಸ್ವಲ್ಪ ಎಳೆದು ತರಬಹುದು.

ಮನೆಗೆ ಬಂದ ಮೇಲೆ

ಈಗ ಮತ್ತೆ ಕುಂಕುಮಕ್ಕೆ. ಚಿತ್ರ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ ಕಪ್ಪುಬಿಳುಪಿಗೆ ತಿರುಗಿಸಿದ ಮೇಲೆ ಪ್ರತಿ ಬಣ್ಣಕ್ಕೂ ಒಂದೊಂದು ಸ್ಲೈಡರ್ ಸಿಗುತ್ತದೆ. ಕೆಂಪನ್ನು ಮೇಲಕ್ಕೆ ಎಳೆಯಿರಿ, ಹಸಿರನ್ನು ಕೆಳಕ್ಕೆ. ಗುಡ್ಡೆ ಬೆಳಗಿ ಎಲೆಯ ಕಟ್ಟಿನಿಂದ ಮುಂದೆ ಬರುತ್ತದೆ. ಫೋನಿನ ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲಾದರೆ ಕೆಂಪು ಫಿಲ್ಟರ್ ಒತ್ತಿ. ರೀಲಿನ ಕಾಲದಲ್ಲಿ ಇದಕ್ಕೆ ಲೆನ್ಸಿನ ಮುಂದೆ ಕೆಂಪು ಗಾಜು ಹಾಕುತ್ತಿದ್ದರು. ಅದು ಸುಮಾರು ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿದಂತೆ) ಬೆಳಕನ್ನು ನುಂಗುತ್ತಿತ್ತು.

ಆದರೆ ಕೆಂಪು ಜಾಸ್ತಿಯಾದರೆ ಮನುಷ್ಯರ ಮುಖ ಬಿಳಿಚಿಕೊಳ್ಳುತ್ತದೆ, ತುಟಿ ಮಾಯವಾಗುತ್ತದೆ. ಮುಖ ಇರುವ ಚಿತ್ರದಲ್ಲಿ ಕೈ ಹಿಡಿದು ಮಾಡಿ. ಕಾಂಟ್ರಾಸ್ಟ್ ಸ್ಲೈಡರನ್ನು ಸುಮ್ನೆ ಬಲಕ್ಕೆ ದೂಡುವ ಬದಲು ಕರ್ವ್ (ನೆರಳು, ಬೆಳಕನ್ನು ಬೇರೆಬೇರೆಯಾಗಿ ತಿದ್ದುವ ಗೆರೆ) ತೆರೆದು ನೆರಳನ್ನು ಚೂರು ಇಳಿಸಿ, ಬೆಳಕನ್ನು ಚೂರು ಏರಿಸಿ. ಅಜ್ಜಿಯ ಕೆನ್ನೆಯ ಸುಕ್ಕಿನಲ್ಲಿ ಹತ್ತಾರು ಬೂದುಗಳಿರುತ್ತವೆ, ಅವು ಉಳಿಯಬೇಕು.

ಕೊನೆಗೆ ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದು ಮಾಡಿ ನೋಡಿ. ಕುಂಕುಮದ ಗುಡ್ಡೆ ಆಗಲೂ ಗುಡ್ಡೆಯಾಗಿಯೇ ಕಂಡರೆ ಪ್ರಿಂಟಿಗೆ ಕೊಡಬಹುದು. ಕಾಣದಿದ್ದರೆ ಮತ್ತೊಂದು ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ. ಹೋದಾಗ ಅಜ್ಜಿಯ ಹತ್ತಿರ ಒಂದು ಮೊಳ ಮಲ್ಲಿಗೆ ಕೊಂಡು, ಕೇಳಿಯೇ ತೆಗೆಯಿರಿ.