ಮುಖಕ್ಕೆ ಬೆಳಕು ಎಲ್ಲಿಂದ ಬರಬೇಕು

ನಮ್ಮ ಕಡೆಯ ಹುಡುಗರು ಫೋನ್ ಮಾಡಿದರೆ ಮೊದಲ ಪ್ರಶ್ನೆ ಒಂದೇ: "ಅಣ್ಣಾ, ಯಾವ ಕ್ಯಾಮೆರಾ ತಗೊಳ್ಳಲಿ?" ಎರಡನೆಯದು ಸ್ವಲ್ಪ ತಡೆದು ಬರುತ್ತದೆ: "ನಮ್ಮಂಥೋರನ್ನ ಸಿನಿಮಾದಲ್ಲಿ ತಗೋತಾರಾ?" ಮೊದಲನೆಯದಕ್ಕೆ ನನ್ನ ಉತ್ತರ ಚಿಕ್ಕದು. ಕೈಯಲ್ಲಿರುವ ಫೋನೇ ಸಾಕು, ಒಂದು ವರ್ಷ ಅದರಲ್ಲೇ ತೆಗಿ. ಎರಡನೆಯದಕ್ಕೆ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯಲು ಕೂತೆ.

ನಾನು ಸಿದ್ದಿ. ಯಲ್ಲಾಪುರ ತಾಲ್ಲೂಕಿನಲ್ಲಿ ಮಂಚಿಕೇರಿಗೆ ಹತ್ತಿರದ ಒಂದು ಕೇರಿಯವನು. ಮನೆಯಲ್ಲಿ ನಮ್ಮದೇ ಕೊಂಕಣಿ, ಶಾಲೆಯಲ್ಲಿ ಕನ್ನಡ. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದ ಆಫ್ರಿಕದ ಜನರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ನಮ್ಮ ಹಿರಿಯರು ಅನ್ನುವುದನ್ನು ನಾನು ಓದಿದ್ದು ಕಾಲೇಜಿಗೆ ಹೋದ ಮೇಲೆ. ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಆ ಕಥೆ ಗೊತ್ತಿರಲಿಲ್ಲ, ಅಡಿಕೆ ತೋಟದ ಕೂಲಿ ಗೊತ್ತಿತ್ತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರು. ಅದರಿಂದ ಹಾಸ್ಟೆಲು, ಸ್ಕಾಲರ್‌ಶಿಪ್ಪು ಸಿಕ್ಕಿ ಪಿಯುಸಿ ಮುಗಿಯಿತು. ಆಮೇಲೆ ಬೆಂಗಳೂರಿನ ಬಸ್ಸು ಹತ್ತಿದೆ, ಸಿನಿಮಾದಲ್ಲಿ ಕೆಲಸ ಮಾಡಬೇಕೆಂದು.

ಕೆಲಸ ಸಿಗಲು ಮೂರು ದಿನವೂ ಬೇಕಾಗಲಿಲ್ಲ. ಜೂನಿಯರ್ ಆರ್ಟಿಸ್ಟುಗಳನ್ನು ಒದಗಿಸುವ ಏಜೆಂಟನೊಬ್ಬ ನನ್ನನ್ನು ನೋಡಿದವನೇ, "ನೈಜೀರಿಯಾದವರು ಸಿಕ್ರೆ ಪಾಸ್‌ಪೋರ್ಟು, ವೀಸಾ ಅಂತ ತಲೆನೋವು. ನೀನು ಆರಾಮು" ಅಂದ. ಗಾಂಜಾ ಮಾರುವವರ ಗುಂಪಿನಲ್ಲಿ ಮೂರನೇ ಸಾಲಿನ ಮನುಷ್ಯ ನಾನು. ಕನ್ನಡ ಮಾತಾಡಕೂಡದು, ಬಾಯಲ್ಲಿ ಏನಾದರೂ ಗೊಣಗುತ್ತಿರಬೇಕು. ಊಟ ಯಾವಾಗ ಹಾಕ್ತೀರಿ, ಹೊಟ್ಟೆ ಸುಡುತ್ತಾ ಇದೆ ಎಂದು ನಮ್ಮ ಕೊಂಕಣಿಯಲ್ಲಿ ಗೊಣಗಿದೆ. ಶಾಟ್ ಓಕೆ ಆಯಿತು. ವಾಪಸ್ ಬರುವಾಗ ಆಟೋದವರು ಸಂತೋಷದಿಂದ ಹೇಳಿದರು: "ಕನ್ನಡ ಎಷ್ಟು ಚೆನ್ನಾಗಿ ಕಲ್ತಿದೀರ ಸರ್!"

ಆ ಥರದ ಪಾರ್ಟು ಮಾಡಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಾನು ಏಳೆಂಟು ಸಲ ಮಾಡಿದೆ, ರೂಮಿನ ಬಾಡಿಗೆ ಅದರಿಂದಲೇ ಹೋಯಿತು. ಆದರೆ ಅದನ್ನು ಬಾಡಿಗೆ ದುಡ್ಡು ಅಂತಲೇ ಎಣಿಸಿ. ಮುಖ ನೋಡಿ ಕರೆದವರು ಅಂಥ ಮುಖ ಬೇಕಾದ ದಿನ ಮಾತ್ರ ಮತ್ತೆ ಕರೆಯುತ್ತಾರೆ. ವರ್ಷಕ್ಕೆ ಎಷ್ಟು ದಿನ ಬೇಕಾಗುತ್ತದೆ?

ಅದೇ ಸೆಟ್ಟಿನಲ್ಲಿ ಒಂದು ಮಾತು ಕಿವಿಗೆ ಬಿದ್ದಿತ್ತು. ಕ್ಯಾಮೆರಾ ಕಡೆಯವರೊಬ್ಬರು ನನ್ನತ್ತ ಕೈ ತೋರಿಸಿ, "ಆ ಹುಡುಗನ್ನ ಹಿಂದೆ ಹಾಕಿ, ಮುಖಾನೇ ಸಿಗಲ್ಲ" ಅಂದರು. ಬೈಗುಳವೇನಲ್ಲ, ಅವರಿಗದು ಕೆಲಸದ ಮಾತು. ಮುಖ ಸಿಗಲ್ಲ ಅಂದರೇನು ಅನ್ನುವ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ.

ಅದಕ್ಕೆ ಉತ್ತರ ಸಿಗಲು ಶುರುವಾಗಿದ್ದು ಹೆಗ್ಗೋಡಿನಲ್ಲಿ, ಅಲ್ಲಿನ ರಂಗಸಂಸ್ಥೆ ನೀನಾಸಂನಲ್ಲಿ. ನಮ್ಮ ಸುತ್ತಿನ ಸಿದ್ದಿಗಳಿಗೆ ನೀನಾಸಂ ಹೊಸದಲ್ಲ. 80ರ ದಶಕದಲ್ಲೇ ಅಲ್ಲಿಯವರು ಬಂದು ಮಂಚಿಕೇರಿಯ ನಮ್ಮ ಜನರ ಜೊತೆ ನಾಟಕ ಕಟ್ಟಿದ್ದರು. ಆಮೇಲೆ ನಮ್ಮವರು ಕೆಲವರು ಅಲ್ಲಿ ಕಲಿತು ನಟರಾದರು. ನಾನೂ ಒಂದು ವರ್ಷದ ರಂಗಶಿಕ್ಷಣಕ್ಕೆ ಸೇರಿದೆ. ನಟನೆಯಲ್ಲಿ ಸಾಧಾರಣ. ಬೆಳಕಿನ ಕ್ಲಾಸು ಬಂದಾಗ ಮಾತ್ರ ಏಣಿಯಿಂದ ಇಳಿಯುತ್ತಿರಲಿಲ್ಲ. ಒಂದು ಸಂಜೆ ತಾಲೀಮಿನಲ್ಲಿ ನನ್ನನ್ನು ನಡುವೆ ನಿಲ್ಲಿಸಿ ಎದುರಿನಿಂದ ಲೈಟು ಹಾಕಿದರು. ಮುಖ ಚಪ್ಪಟೆ ಹಲಗೆ. ಲೈಟು ಹೆಚ್ಚು ಮಾಡಿದರೆ ಅಂಗಿ ಉರಿಯುವಂತೆ ಬೆಳ್ಳಗಾಯಿತು, ಮುಖ ಇದ್ದಲ್ಲೇ ಇತ್ತು. ಅದೇ ಲೈಟನ್ನು ಪಕ್ಕಕ್ಕೆ ತಂದು, ಅರ್ಧಕ್ಕಿಂತ ಕಡಿಮೆಗೆ ಇಳಿಸಿದಾಗ ಸಹಪಾಠಿಗಳು ಸುಮ್ಮನಾದರು. ಕೆನ್ನೆಯ ಏಣು, ಮೂಗಿನ ಅಂಚು, ಹಣೆಯ ಗೆರೆ ಎಲ್ಲ ಕಂಡಿತು. ಕಪ್ಪು ಮುಖಕ್ಕೆ ಹೆಚ್ಚು ಬೆಳಕು ಬೇಕು ಅಂದುಕೊಂಡಿದ್ದೆವು. ಬೇಕಿದ್ದದ್ದು ಬೇರೆ ದಿಕ್ಕಿನ ಬೆಳಕು.

ಇದು ನಮ್ಮೊಬ್ಬರ ಕಥೆಯಲ್ಲ ಎಂದು ಆಮೇಲೆ ಓದಿ ತಿಳಿಯಿತು. ಫಿಲ್ಮ್ ರೋಲಿನ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಫೋಟೋ ಕಾರ್ಡು ಕಳಿಸುತ್ತಿತ್ತು. ಅದರಲ್ಲಿ ಇದ್ದದ್ದು ಬಿಳಿಯ ಹೆಂಗಸಿನ ಚಿತ್ರ. 'ಶೆರ್ಲಿ ಕಾರ್ಡು' ಎಂದೇ ಅದರ ಹೆಸರು. ಆಕೆಯ ಚರ್ಮ ಸರಿ ಬಂದರೆ ಪ್ರಿಂಟು ಸರಿ. ಕಪ್ಪು ಮಕ್ಕಳು ಬಿಳಿ ಮಕ್ಕಳ ಪಕ್ಕ ಕೂತ ಶಾಲೆಯ ಫೋಟೋಗಳಲ್ಲಿ ಕಣ್ಣು ಹಲ್ಲು ಮಾತ್ರ ಕಾಣುತ್ತಿದ್ದವಂತೆ. ಕಂಪನಿ ಕಂದು ಬಣ್ಣದ ಕಡೆ ಗಮನ ಕೊಟ್ಟಿದ್ದಕ್ಕೆ ಒಂದು ದೊಡ್ಡ ಕಾರಣ, ಮರದ ಪೀಠೋಪಕರಣ ಮಾಡುವವರು ಮತ್ತು ಚಾಕೊಲೇಟ್ ಮಾರುವವರು ತಮ್ಮ ಜಾಹೀರಾತಿನ ಫೋಟೋ ಸರಿ ಬರುತ್ತಿಲ್ಲ ಎಂದು ದೂರಿದ್ದು. ನಮಗಿಂತ ಮೊದಲು ಚಾಕೊಲೇಟಿಗೆ ನ್ಯಾಯ ಸಿಕ್ಕಿತು, ಇರಲಿ.

ಹೆಗ್ಗೋಡಿನಿಂದ ಬಂದವನು ಹುಬ್ಬಳ್ಳಿಯ ಒಂದು ಸ್ಟುಡಿಯೋ ಸೇರಿದೆ. ಮದುವೆ ಶೂಟಿಂಗು. ಮೊದಲ ವರ್ಷ ಲೈಟು ಹಿಡಿಯುವುದು, ಕೇಬಲ್ ಸುತ್ತುವುದು, ರಾತ್ರಿ ಮಿಕ್ಸಿಂಗಿಗೆ, ಅಂದರೆ ತೆಗೆದದ್ದನ್ನು ಕತ್ತರಿಸಿ ಜೋಡಿಸಲು, ಕೂರುವುದು. ಈ ಕೆಲಸವನ್ನು ಕೀಳಾಗಿ ಕಾಣುವವರು ಬಹಳ, ನನಗೆ ಅದಕ್ಕಿಂತ ದೊಡ್ಡ ಕಾಲೇಜು ಸಿಗಲಿಲ್ಲ. ತಾಳಿ ಕಟ್ಟುವ ಗಳಿಗೆಗೆ ರೀಟೇಕ್ ಇಲ್ಲ. ಪುರೋಹಿತರು ಅಡ್ಡ ಬರುತ್ತಾರೆ, ಮಾವ ಕ್ಯಾಮೆರಾ ಮುಂದೆಯೇ ನಿಲ್ಲುತ್ತಾನೆ, ಅಕ್ಷತೆ ಲೆನ್ಸಿಗೆ ಹೊಡೆಯುತ್ತದೆ. ಎಲ್ಲದರ ನಡುವೆ ಫೋಕಸ್ ಬಿಡಬಾರದು. ಎರಡು ಸೀಸನ್ ಇದನ್ನು ಮಾಡಿದವನು ಯಾವ ಸುದ್ದಿವಾಹಿನಿಯ ಗದ್ದಲಕ್ಕೂ ಹೆದರುವುದಿಲ್ಲ.

ನಮ್ಮ ಚಿಕ್ಕಮ್ಮನ ಮಗಳ ಮದುವೆಗೆ ಸ್ಟುಡಿಯೋದ ಕ್ಯಾಮೆರಾ ತಗೊಂಡು ಊರಿಗೆ ಹೋದೆ. ಎಲ್ಲರ ಮದುವೆ ತೆಗೆದಂತೆಯೇ ತೆಗೆದೆ. ಮಿಕ್ಸಿಂಗಿನಲ್ಲಿ ಮಾಲೀಕರು ಹಿಂದೆ ನಿಂತು, "ಏ ತಮ್ಮಾ, ಬೆಳ್ಳಗ ಮಾಡಪಾ, ಮಂದಿ ಕಾಣಬೇಕೋ ಬ್ಯಾಡೋ" ಅಂದರು. ಬ್ರೈಟ್‌ನೆಸ್ ಏರಿಸಿದೆ. ಪೆನ್‌ಡ್ರೈವ್ ಊರಿಗೆ ಕೊಂಡೊಯ್ದು ಟೀವಿಗೆ ಸಿಕ್ಕಿಸಿದಾಗ ಆಯಿ ಸ್ವಲ್ಪ ಹೊತ್ತು ನೋಡಿ, "ಎಲ್ಲರಿಗೂ ಬೂದಿ ಹಚ್ಚಿದಾರಾ?" ಅಂತ ಕೇಳಿದಳು. ನಿಜ. ಕತ್ತಲಲ್ಲಿ ತೆಗೆದ ಮುಖವನ್ನು ಆಮೇಲೆ ಎತ್ತಿದರೆ ಕಂದು ಬರುವುದಿಲ್ಲ, ಬೂದಿ ಬರುತ್ತದೆ. ಮದುಮಗಳು ಏನೂ ಅನ್ನಲಿಲ್ಲ. ಆ ವಿಡಿಯೋವನ್ನು ಅವಳು ಎರಡನೇ ಸಲ ಹಾಕಿದ್ದನ್ನೂ ನಾನು ನೋಡಲಿಲ್ಲ.

ಆಮೇಲಿನ ಆರು ತಿಂಗಳು ರಜೆ ಸಿಕ್ಕಾಗಲೆಲ್ಲ ಆಯಿಯನ್ನು ಜಗಲಿಯಲ್ಲಿ ಕೂರಿಸಿ ತೆಗೆದೆ. ಕಲಿತದ್ದನ್ನು ಹೇಳಿಬಿಡುತ್ತೇನೆ. ಬೆಳಕಿನ ಲೆಕ್ಕವನ್ನು ಕ್ಯಾಮೆರಾದ ಆಟೋ ಮೋಡಿಗೆ ಬಿಡಬೇಡಿ. ಬಿಳಿ ಗೋಡೆ ಹಿಂದಿದ್ದರೆ ಅದು ಗೋಡೆಯ ಲೆಕ್ಕ ಹಿಡಿದು ಮುಖವನ್ನು ಮುಳುಗಿಸುತ್ತದೆ. ಮೊದಲು ಜಾಗ ಬದಲಿಸಿ: ಕೆಂಪು ಕಲ್ಲಿನ ಗೋಡೆ, ಹಸಿರು, ಬಾಗಿಲ ಹಿಂದಿನ ನೆರಳು ಒಳ್ಳೆಯದು. ಫೋನಾದರೆ ಮುಖದ ಮೇಲೆ ಬೆರಳೊತ್ತಿ ಎಕ್ಸ್‌ಪೋಶರ್ (ಬೆಳಕಿನ ಮಟ್ಟ) ಲಾಕ್ ಮಾಡಿ. ಕ್ಯಾಮೆರಾದಲ್ಲಿ ಝೀಬ್ರಾ ಗೆರೆ (ಬೆಳಕು ಇಂತಿಷ್ಟು ಮಟ್ಟ ಮುಟ್ಟಿದ ಕಡೆ ತೆರೆಯ ಮೇಲೆ ಮೂಡುವ ಪಟ್ಟೆ) ಇದ್ದರೆ, ಬಿಳಿ ಚರ್ಮಕ್ಕೆ ಆ ಮಟ್ಟ ಶೇಕಡಾ 70 ಎಂದು ಹೇಳಿಕೊಡುತ್ತಾರೆ. ನಮ್ಮ ಮುಖಕ್ಕೆ 50ರ ಆಸುಪಾಸು ಸಾಕು, 70ಕ್ಕೆ ಎಳೆದರೆ ಅದು ನಮ್ಮ ಬಣ್ಣವೇ ಅಲ್ಲ. ದೊಡ್ಡ ಲೈಟಿಗೆ ದುಡ್ಡು ಹಾಕುವ ಬದಲು ಒಂದು ದೊಡ್ಡ ಥರ್ಮಾಕೋಲ್ ಹಾಳೆ ಅಥವಾ ಬಿಳಿ ಪಂಚೆ ತಗೊಳ್ಳಿ. ಬಾಗಿಲಿನಿಂದ ಬರುವ ಬೆಳಕನ್ನು ಅದಕ್ಕೆ ತಾಗಿಸಿ ಪಕ್ಕದಿಂದ ಮುಖಕ್ಕೆ ತನ್ನಿ. ಕಪ್ಪು ಚರ್ಮ ಬೆಳಕನ್ನು ಹೆಚ್ಚು ಹೀರಿಕೊಂಡರೂ ಅದರ ಮೇಲಿನ ಹೊಳಪು ಎದ್ದು ಕಾಣುತ್ತದೆ, ಆ ಹೊಳಪಿನ ಆಕಾರವೇ ಮುಖ. ಮೇಕಪ್‌ನವರು ಪೌಡರ್ ಹಾಕಿ ಹೊಳಪು ಒರೆಸಲು ಬಂದರೆ ಕೈ ಮುಗಿದು ನಿಲ್ಲಿಸಿ.

ಆಯಿ ಪ್ರತಿ ಸಲ ಕ್ಯಾಮೆರಾ ಮುಂದೆ ಕೂರುವ ಮೊದಲು ಒಳಗೆ ಹೋಗಿ ಮುಖಕ್ಕೆ ಕೊಬ್ಬರಿ ಎಣ್ಣೆ ತೀಡಿಕೊಂಡು ಬರುತ್ತಿದ್ದಳು. ನಾನು ಒರೆಸಿಕೋ ಅನ್ನುತ್ತಿದ್ದೆ. ಅಮೆರಿಕದ ಇಸಾ ರೇ 2011ರಲ್ಲಿ ಯೂಟ್ಯೂಬಿನಲ್ಲಿ ತನ್ನದೇ ಸರಣಿ ಹಾಕಿ, 2016ಕ್ಕೆ ಎಚ್‌ಬಿಒ ಎಂಬ ದೊಡ್ಡ ಟೀವಿ ವಾಹಿನಿಯ ತನಕ ಹೋದ ಕಪ್ಪು ಹೆಣ್ಣುಮಗಳು. ಆಕೆಯ ಆ ಎಚ್‌ಬಿಒ ಸರಣಿಯ ಛಾಯಾಗ್ರಾಹಕಿ ಆವಾ ಬರ್ಕಾಫ್‌ಸ್ಕಿ, ನಟರ ಚರ್ಮ ಬೆಳಕನ್ನು ಹೊಳೆಸಲಿ ಎಂದೇ ಹೊಳಪಿನ ಕ್ರೀಮು ಹಚ್ಚಿಸುತ್ತಿದ್ದರೆಂದು ಓದಿದ ದಿನ ಆಯಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಏನು ಹೇಳುತ್ತಿದ್ದೇನೆಂದು ಅವಳಿಗೆ ತಿಳಿಯಲಿಲ್ಲ. "ಊಟ ಆಯ್ತಾ?" ಅಂದಳು.

ಇಸಾ ರೇಯಿಂದ ಇನ್ನೊಂದು ವಿಷಯ ಹಿಡಿದುಕೊಂಡೆ. ಮೇಲೆ ಇರುವವರ ಬಾಗಿಲು ಕಾಯುತ್ತಾ ಕೂರದೆ, ನಿಮ್ಮ ಪಕ್ಕದಲ್ಲೇ ನಿಮ್ಮಷ್ಟೇ ಹಸಿದಿರುವವರ ಜೊತೆ ಕೆಲಸ ಮಾಡಿ ಎನ್ನುವುದು ಆಕೆ ಹೊಸಬರಿಗೆ ಹೇಳುವ ಮಾತು. ನನಗೂ ಹಾಗೇ ಆಯಿತು. ನಾನು ಭೇಟಿಯಾಗಿ ಕಾರ್ಡು ಇಸಕೊಂಡ ದೊಡ್ಡವರಲ್ಲಿ ಒಬ್ಬರೂ ಕರೆಯಲಿಲ್ಲ. ಕರೆದದ್ದು ಸ್ಟುಡಿಯೋದಲ್ಲಿ ನನ್ನ ಜೊತೆ ಕೇಬಲ್ ಸುತ್ತುತ್ತಿದ್ದ ಗದಗಿನ ಹುಡುಗ. ಅವನು ಒಂದು ಯೂಟ್ಯೂಬ್ ವಾಹಿನಿಗೆ ಯಕ್ಷಗಾನ ಶೂಟ್ ಮಾಡಲು ಒಪ್ಪಿಕೊಂಡಿದ್ದ, ರಾತ್ರಿಯಿಡೀ ಎರಡನೇ ಕ್ಯಾಮೆರಾ ಹಿಡಿಯುವವನು ಬೇಕಿತ್ತು.

ಆ ಹೊತ್ತಿಗೆ ನನ್ನ ಶೋರೀಲ್, ಅಂದರೆ ಕೆಲಸ ಕೇಳುವಾಗ ತೋರಿಸುವ ಮಾದರಿ ವಿಡಿಯೋ, ಒಂದು ಸಲ ಕೆಟ್ಟು ರಿಪೇರಿಯಾಗಿತ್ತು. ಮೊದಲನೆಯದರಲ್ಲಿ ಡಮಾಮಿ ಕುಣಿತದಿಂದಲೇ ಶುರು ಮಾಡಿದ್ದೆ. ಡಮಾಮಿ ಅಂದರೆ ನಮ್ಮ ಚರ್ಮವಾದ್ಯ, ಅದರ ಜೊತೆಯ ಕುಣಿತಕ್ಕೂ ಅದೇ ಹೆಸರು. ನೋಡಿದವರೆಲ್ಲ ಮೆಚ್ಚಿದರು, ಬಂದ ಫೋನುಗಳೆಲ್ಲ ಒಂದೇ: "ನಿಮ್ಮ ಕಡೆ ಡ್ಯಾನ್ಸ್ ಮಾಡೋರು ಎಷ್ಟು ಜನ ಸಿಗ್ತಾರೆ?" ಕ್ಯಾಮೆರಾಮನ್ ಬೇಕು ಎಂದು ಯಾರೂ ಕೇಳಲಿಲ್ಲ. ಎರಡನೆಯದನ್ನು ತೊಂಬತ್ತು ಸೆಕೆಂಡಿಗೆ ಇಳಿಸಿದೆ. ಅಡಿಕೆ ಸುಲಿಯುವ ಕೈಗಳು, ಮದುವೆ ಅಡುಗೆಮನೆಯ ಹೊಗೆ, ಮಳೆಯಲ್ಲಿ ಬಸ್ಸಿನ ಕಿಟಕಿ, ಕೊನೆಗೆ ಹತ್ತು ಸೆಕೆಂಡು ಡಮಾಮಿ. ಹೆಸರು, ಫೋನ್ ನಂಬರು, "ಕ್ಯಾಮೆರಾ ಮತ್ತು ಬೆಳಕು" ಎಂಬ ಮೂರು ಪದ. ಅದರಿಂದ ಕೆಲಸ ಬರತೊಡಗಿತು. ನಮ್ಮ ಕುಣಿತ ನನಗೆ ನಾಚಿಕೆಯ ವಿಷಯವಲ್ಲ. ಮೊದಲ ಶಾಟೇ ಅದಾದರೆ ನೋಡುವವನು ಆಚೆಯದನ್ನು ನೋಡುವುದಿಲ್ಲ, ಅಷ್ಟೇ.

ಇನ್ನು ಕಾಗದದ ವಿಷಯ. ನಾನು ಸಣ್ಣವನಿದ್ದಾಗಿನಿಂದ ಊರಿಗೆ ಕ್ಯಾಮೆರಾ ಹಿಡಿದವರು ಬರುತ್ತಲೇ ಇದ್ದಾರೆ. ಬೆಂಕಿಯ ಮುಂದೆ ಡಮಾಮಿ ಕಾಯಿಸುವುದನ್ನು ತೆಗೆಯುತ್ತಾರೆ, ಅಜ್ಜಿಯ ಹಾಡು ರೆಕಾರ್ಡ್ ಮಾಡುತ್ತಾರೆ, ಒಂದು ಸೀರೆಯೋ ಐನೂರು ರೂಪಾಯಿಯೋ ಕೊಟ್ಟು ಹೋಗುತ್ತಾರೆ. ನಮ್ಮ ಅಜ್ಜಿಯ ದನಿ ಎಲ್ಲೆಲ್ಲೋ ಇದೆ, ನಮ್ಮ ಮನೆಯಲ್ಲಿ ಇಲ್ಲ. ಅವಳು ತೀರಿಕೊಂಡಾಗ ಒಂದು ತಂಡಕ್ಕೆ ಬರೆದು ಕೇಳಿದೆವು, ಉತ್ತರ ಬರಲಿಲ್ಲ. ಕಾನೂನು ಅಷ್ಟೇನೂ ನಮ್ಮ ವಿರುದ್ಧ ಇಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಾಡುವವರಿಗೆ, ಕುಣಿಯುವವರಿಗೆ ಪ್ರದರ್ಶಕರ ಹಕ್ಕು ಎಂದೇ ಬೇರೆ ಹಕ್ಕಿದೆ, 50 ವರ್ಷ ಇರುತ್ತದೆ. ಅದನ್ನು ಗೊತ್ತಿದ್ದವರು ಕೇಳಬೇಕು. ಈಗ ನಮ್ಮ ಕೇರಿಗೆ ಯಾರೇ ಬಂದರೂ ಒಂದು ಪುಟದ ಕನ್ನಡ ಕಾಗದಕ್ಕೆ ಸಹಿ ಹಾಕಿಸುತ್ತೇವೆ: ಯಾವುದಕ್ಕೆ ಬಳಸುತ್ತೀರಿ, ಹಾಡಿದವರ ಹೆಸರು ಹಾಕುತ್ತೀರಾ, ಪೂರ್ತಿ ಫೈಲಿನ ಪ್ರತಿ ಯಾವಾಗ ಕೊಡುತ್ತೀರಿ. ಅರ್ಧ ಜನ ಬೇಸರ ಮಾಡಿಕೊಳ್ಳುತ್ತಾರೆ. ಉಳಿದರ್ಧ ಸಹಿ ಹಾಕುತ್ತಾರೆ.

ನೀವೇ ಶೂಟ್ ಮಾಡುವಾಗಲೂ ಇದನ್ನು ತಿಳಿದಿರಿ. ಇನ್ನೊಬ್ಬರು ದುಡ್ಡು ಕೊಟ್ಟು ಮಾಡಿಸಿದ ಫೋಟೋ, ವಿಡಿಯೋಗಳಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಅದೇ ಕಾಯ್ದೆಯ ಪ್ರಕಾರ ಮೊದಲ ಒಡೆಯರು ಮಾಡಿಸಿದವರೇ. ಶೋರೀಲಿಗೆ ಬಳಸುತ್ತೇನೆ ಎಂದು ಒಂದು ಸಾಲು ಮೊದಲೇ ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಅಡ್ವಾನ್ಸ್ ಅರ್ಧ, ಉಳಿದರ್ಧ ಬಂದ ಮೇಲೆ ಫೈನಲ್ ಫೈಲು. ಇದನ್ನು ಹೇಳಲು ನನಗೆ ನಾಲ್ಕು ವರ್ಷ ಬಾಯಿ ಬರಲಿಲ್ಲ. ತೋಟದ ಒಡೆಯರ ಅಂಗಳದಲ್ಲಿ ಕೊಟ್ಟಷ್ಟು ತಗೊಂಡು ಬರುವುದನ್ನೇ ನೋಡಿ ಬೆಳೆದವರು ನಾವು, ಲೆಕ್ಕ ಕೇಳುವಾಗ ನಾಲಿಗೆ ತೊದಲುತ್ತದೆ. ನಾನು ರೇಟನ್ನು ಚೀಟಿಯಲ್ಲಿ ಬರೆದು ಜೇಬಲ್ಲಿಟ್ಟುಕೊಂಡು, ಫೋನ್ ಬಂದರೆ ಅದನ್ನು ನೋಡಿ ಓದಿ ಹೇಳುತ್ತಿದ್ದೆ. ಈಗಲೂ ದೊಡ್ಡ ಕೆಲಸವಾದರೆ ಚೀಟಿ ಬೇಕು.

ಹೋದ ಮಳೆಗಾಲ ಚಿಕ್ಕಮ್ಮನ ಮನೆಯಲ್ಲಿ ಹೆಂಗಸರು ಕೌದಿ ಹೊಲಿಯುವುದನ್ನು ತೆಗೆದೆವು. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ, ನಮ್ಮದೇ. ಪಿಯುಸಿ ಓದುವ ಇಬ್ಬರು ಹುಡುಗಿಯರು ಥರ್ಮಾಕೋಲ್ ಹಿಡಿದಿದ್ದರು, ಒಬ್ಬ ಹುಡುಗ ಮೈಕು. ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಬಾಗಿಲು ಪೂರ್ತಿ ತೆಗೆದು, ಚಿಕ್ಕಮ್ಮನನ್ನು ಹೊಸ್ತಿಲಿನತ್ತ ಅರ್ಧ ತಿರುಗಿಸಿ ಕೂರಿಸಿದೆವು. ಹೆಂಚಿನ ಮೇಲೆ ಮಳೆ ಜೋರಾದಾಗ ಮೈಕಿನ ಹುಡುಗ ಕೈ ಎತ್ತಿ ನಿಲ್ಲಿಸುವನು, ಕಡಿಮೆಯಾದರೆ ಮತ್ತೆ ಶುರು. ಥರ್ಮಾಕೋಲ್ ಹಿಡಿದವಳು ಎರಡು ಸಲ ನಾನು ಹೇಳುವ ಮೊದಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಫೈಲಿನ ಮೂರು ಪ್ರತಿ ಮಾಡಿದ್ದೇವೆ: ಒಂದು ನನ್ನ ಹತ್ತಿರ, ಒಂದು ಗದಗಿನ ಗೆಳೆಯನ ಹತ್ತಿರ, ಇನ್ನೊಂದು ಹಾರ್ಡ್‌ಡಿಸ್ಕು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಚಿಕ್ಕಮ್ಮನ ಟ್ರಂಕಿನಲ್ಲಿ, ಕೌದಿಗಳ ಕೆಳಗೆ.