ಕೋಳಿ ಅಂಗಳಕ್ಕೆ ಏನು ಹಾಸಬೇಕು? ಎರೆಮಣ್ಣಿನಲ್ಲಿ ನನ್ನ ಅನುಭವ

ಹಿತ್ತಲಲ್ಲಿ ಹತ್ತು ಹನ್ನೆರಡು ನಾಟಿ ಕೋಳಿಯನ್ನೋ ಗಿರಿರಾಜವನ್ನೋ ಬಿಡುವವರು ಮೊದಲು ಕೇಳುವುದು, 'ಕೆಳಗೆ ಹಾಸೋಕೆ ಭತ್ತದ ಹೊಟ್ಟು ಒಳ್ಳೇದಾ, ಮರದ ಪುಡಿ ಒಳ್ಳೇದಾ?' ಅಂತ. ಅದಕ್ಕಿಂತ ಮುಂಚೆ ಮಣ್ಣು ನೋಡಬೇಕು. ಚಿತ್ರದುರ್ಗದ ಕಡೆಯ ಮಸಾರಿ (ಕೆಂಪು ಮಣ್ಣು), ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ನೆಲದಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೆ ನೀರು ಇಂಗಿ ಹೋಗುತ್ತದೆ. ಅಲ್ಲಿ ಯಾವ ಹಾಸಾದರೂ ಹೆಚ್ಚುಕಡಿಮೆ ನಡೆದೀತು. ದಾವಣಗೆರೆ, ಹರಿಹರದ ಎರೆಮಣ್ಣು, ಅಂದರೆ ಕಪ್ಪು ಮಣ್ಣು, ಹಾಗಲ್ಲ. ಮಳೆಗಾಲದಲ್ಲಿ ನೀರು ಹಿಡಿದುಕೊಂಡು ದಿನಗಟ್ಟಲೆ ಕೂರುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಹಾಸಿದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ನಮ್ಮದು ಎರೆ. ಹಾಗಾಗಿ ಇಲ್ಲಿ ಖರ್ಚು ಮಾಡಬೇಕಾದ್ದು ಹಾಸಿಗಿಂತ ಅದರ ಕೆಳಗಿನ ಗರಸಿಗೆ.

ಜಾಗ 10 ಅಡಿ ಅಗಲ, 12 ಅಡಿ ಉದ್ದ; ಅದರಲ್ಲಿ 40 ಚದರ ಅಡಿಗೆ ಮೇಲೆ ತಗಡು ಹೊದಿಸಿದೆ, ಉಳಿದದ್ದು ಬಯಲು. ಕೋಳಿಗೆ 10 ಚದರ ಅಡಿಯಂತೆ 12 ಕೋಳಿಗೆ ಸರಿಹೋಗುತ್ತದೆ. ಮೇಲಿನ 3 ಅಂಗುಲ ಎರೆಮಣ್ಣು ತೆಗೆದು, ಗರಸನ್ನು ಎರಡು ಸಲ ಹರಡಿ, ಪ್ರತಿ ಸಲ ನೀರು ಚಿಮುಕಿಸಿ ದಮ್ಮಸು ಹೊಡೆಯಬೇಕು. ಗಟ್ಟಿಯಾದ ಮೇಲೆ ಗರಸು 6 ಅಂಗುಲ ಇರಬೇಕು. ಆಗ ಅಂಗಳ ಸುತ್ತಲಿನ ನೆಲಕ್ಕಿಂತ 3 ಅಂಗುಲ ಎತ್ತರಕ್ಕೆ ನಿಲ್ಲುತ್ತದೆ. ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ ಕೆಲಸ ಮುಗಿಯುತ್ತದೆ. 12 ಅಡಿ ಉದ್ದಕ್ಕೆ 3 ಅಂಗುಲ ವಾಟ (ಇಳಿಜಾರು) ಕೊಡಿ. ಕಣ್ಣಳತೆ ನಂಬಬೇಡಿ, ಮಟ್ಟದ ಪೈಪ್ ಹಿಡಿದು ನೋಡಿ. ಸುತ್ತಲೂ ಕಡಪ ಕಲ್ಲನ್ನು 8 ಅಂಗುಲ ಮೇಲೆ ಕಾಣುವಂತೆ ನಿಲ್ಲಿಸಿ, ಇಳಿಜಾರಿನ ತುದಿಯಲ್ಲಿ ಒಂದು ಗೇಣು ಜಾಗ ಬಿಟ್ಟು ಅಲ್ಲಿಗೆ ಜಾಲರಿ ಕಟ್ಟಬೇಕು. ಕಲ್ಲಿನ ಅಂಚು ಇಲ್ಲದಿದ್ದರೆ ಕೋಳಿಗಳು ಕೆದರಿ ಕೆದರಿ ಹಾಸನ್ನೆಲ್ಲ ಹೊರಗೆ ಹಾಕಿಬಿಡುತ್ತವೆ. ಕಾಂಕ್ರೀಟ್ ಹಾಕಿಸುವವರೂ ಇದ್ದಾರೆ; ತೊಳೆಯಲು ಸುಲಭ ನಿಜ, ಆದರೆ ತೊಳೆದ ನೀರು ಆರುವುದಿಲ್ಲ, ಕೋಳಿಗೆ ಕೆದರಲು ಏನೂ ಸಿಗುವುದಿಲ್ಲ. ಜೆಲ್ಲಿ ಕಲ್ಲಂತೂ ಮೇಲೆ ಬರಲೇಬಾರದು. ಅದರ ಚೂಪು ಅಂಚಿಗೆ ಅಂಗಾಲು ಗಾಯವಾಗಿ, ಕೀವು ತುಂಬಿ, ಕೋಳಿ ಕುಂಟುತ್ತದೆ.

ಇನ್ನು ಹಾಸು. ದಾವಣಗೆರೆ ಸುತ್ತ ಅಕ್ಕಿ ಗಿರಣಿಗಳಿರುವುದರಿಂದ ಭತ್ತದ ಹೊಟ್ಟೇ ಮೊದಲು ಕೈಗೆ ಸಿಗುವುದು. ಹೊಟ್ಟಿನಲ್ಲಿ ಸಿಲಿಕಾ ಜಾಸ್ತಿ, ಬೇಗ ಕೊಳೆಯುವುದಿಲ್ಲ, ಹಿಕ್ಕೆಯನ್ನು ಬಿಡಿಬಿಡಿಯಾಗಿ ಒಣಗಿಸುತ್ತದೆ. ತಗಡಿನ ಕೆಳಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಬಯಲಲ್ಲಿ ಮಾತ್ರ ಇದು ಪ್ರಯೋಜನವಿಲ್ಲ. ಆಷಾಢದ ಗಾಳಿಗೆ ಅರ್ಧ ಹಾರಿಹೋಗುತ್ತದೆ, ಉಳಿದದ್ದು ಜೋರು ಮಳೆಗೆ ತೇಲಿಬಂದು ಜಾಲರಿಗೆ ಮೆತ್ತಿಕೊಂಡು ನೀರಿನ ದಾರಿಯನ್ನೇ ಮುಚ್ಚುತ್ತದೆ. ಹಾಗಾಗಿ ತಗಡು ಹೊದಿಸಿದ 40 ಚದರ ಅಡಿಗಷ್ಟೇ ಹೊಟ್ಟು, 4 ಅಂಗುಲ ದಪ್ಪ. ಒಂದೆರಡು ದಿನದ ಮರಿಗಳಿದ್ದರೆ ಮೊದಲ ಕೆಲವು ದಿನ ಹೊಟ್ಟಿನ ಮೇಲೆ ಕಾಗದ ಹಾಸಿ; ಇಲ್ಲದಿದ್ದರೆ ಕಾಳೆಂದು ಹೊಟ್ಟನ್ನೇ ತಿನ್ನುತ್ತವೆ.

ತೆರೆದ 80 ಚದರ ಅಡಿಗೆ ನನ್ನ ಆಯ್ಕೆ ಅಡಿಕೆ ಸಿಪ್ಪೆ ಮತ್ತು ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು. ಚನ್ನಗಿರಿ, ಹೊಳಲ್ಕೆರೆ ಕಡೆ ಕೊಯ್ಲಿನ ಕಾಲದಲ್ಲಿ ಸಿಪ್ಪೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುತ್ತದೆ, ಬೆಂಕಿ ಹಚ್ಚುವವರೇ ಜಾಸ್ತಿ. ಅದರ ನಾರು ನಿಧಾನಕ್ಕೆ ಕೊಳೆಯುತ್ತದೆ, ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಗಾಳಿಗೆ ಹಾರದು, ಮಳೆಗೆ ತೇಲದು. ನೀರು ನಡುವೆ ಇಳಿದು ಗರಸು ಸೇರುತ್ತದೆ. ಆದರೆ ಹಸಿ ಅಡಿಕೆ ಸುಲಿದ ಸಿಪ್ಪೆಯನ್ನು ಹಾಗೇ ತಂದು ಸುರಿದರೆ ಒಳಗೆ ಬಿಸಿಯಾಗಿ, ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನ ಪುಡಿ ಕೋಳಿಯ ಶ್ವಾಸಕೋಶಕ್ಕೆ ಕೇಡು. ಬಿಸಿಲಿಗೆ ತೆಳ್ಳಗೆ ಹರಡಿ, ಮುರಿದಾಗ ಚಟ್ ಅನ್ನುವವರೆಗೆ ಒಣಗಿಸಿ. ಆಮೇಲೆ ಮೇವು ಕತ್ತರಿಸುವ ಯಂತ್ರದಲ್ಲಿ ಒಂದು ಸಲ ಹಾಯಿಸಿ. ಉದ್ದ ನಾರು ಮರಿಗಳ ಬೆರಳಿಗೆ ಸುತ್ತಿಕೊಳ್ಳುತ್ತದೆ.

ಕೆಳಗೆ 3 ಅಂಗುಲ ಬೆಂಡು, ಸುತ್ತಿಗೆಯಲ್ಲಿ ಅಂಗುಲದ ಚೂರು ಮಾಡಿದ್ದು. ಮೇಲೆ 3 ಅಂಗುಲ ಕತ್ತರಿಸಿದ ಸಿಪ್ಪೆ, ಜೊತೆಗೆ ಸಿಕ್ಕಷ್ಟು ಹೊಂಗೆ, ಬೇವಿನ ಒಣ ಎಲೆ. ಒಟ್ಟು 40 ಘನ ಅಡಿ. ಯೂರಿಯಾ ಚೀಲಕ್ಕೆ ಸುಮಾರು 2 ಘನ ಅಡಿ ಹಿಡಿಯುತ್ತದೆ, ಅಂದರೆ 20 ಚೀಲ. ತುಳಿತಕ್ಕೆ 4 ಅಂಗುಲಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಮೇಲೆ ಸೇರಿಸಬೇಕು. ಮಸಾರಿ ನೆಲದವರಿಗೆ ಬೆಂಡಿನ ಜೊತೆ ಗೆದ್ದಲು ಬರುತ್ತದೆ. ಕೋಳಿಗೆ ಅದು ಹಬ್ಬ, ಮರದ ಗೂಟಕ್ಕಲ್ಲ. ಕಲ್ಲುಕಂಬ ನೆಡುವುದು ಲೇಸು.

ಚಳ್ಳಕೆರೆ ಎಣ್ಣೆ ಗಿರಣಿಗಳ ಕಡೆಯ ಶೇಂಗಾ ಸಿಪ್ಪೆ ಹಗುರ, ನೀರು ಹೀರುವುದು ಹೊಟ್ಟಿಗಿಂತ ಚೆನ್ನಾಗಿ. ತೊಂದರೆಯಿರುವುದು ಸಿಪ್ಪೆಯಲ್ಲಿ ಉಳಿದ ಕಾಳಿನ ಚೂರಿನಲ್ಲಿ. ತೇವ ತಗುಲಿದರೆ ಅದಕ್ಕೆ ಹಸಿರು ಬೂಷ್ಟು ಬಂದು ಅಫ್ಲಾಟಾಕ್ಸಿನ್ ವಿಷ ಹುಟ್ಟುತ್ತದೆ, ಕೋಳಿ ಹುಡುಕಿ ಹುಡುಕಿ ಅದನ್ನೇ ತಿನ್ನುತ್ತದೆ. ಜನವರಿಯಿಂದ ಮೇವರೆಗೆ ಬಳಸಿ, ಮುಂಗಾರಿಗೆ ಮುಂಚೆ ತೆಗೆದುಬಿಡಿ. ಮರದ ಪುಡಿ ನುಣ್ಣಗಿದ್ದರೆ ಧೂಳು, ನೆಂದರೆ ಹಲಗೆ. ಪ್ಲೈವುಡ್ ಕೊಯ್ದ ಪುಡಿ ಬೇಡವೇ ಬೇಡ. ತೆಂಗಿನ ನಾರಿನ ಪುಡಿ ನೀರು ಹಿಡಿದಿಟ್ಟುಕೊಳ್ಳುವುದಕ್ಕೇ ಹೆಸರುವಾಸಿ, ಬಯಲಿಗೆ ಅದು ಉಲ್ಟಾ ಕೆಲಸ. ಹೊಳೆ ಮರಳು ಚೆನ್ನಾಗಿ ಬಸಿಯುತ್ತದೆ, ಆದರೆ ಏಪ್ರಿಲ್ ಮಧ್ಯಾಹ್ನ ಕಾಲಿಡಲಾಗದಷ್ಟು ಕಾಯುತ್ತದೆ.

ಗರಿಕೆ ಬೆಳೆಸೋಣ ಎನ್ನುವವರಿಗೆ ಒಂದು ಮಾತು: ಇಷ್ಟು ಚಿಕ್ಕ ಜಾಗದಲ್ಲಿ ಕೋಳಿಗಳು ಬೇರು ಸಮೇತ ಮುಗಿಸುತ್ತವೆ. 2 ಅಡಿ, 4 ಅಡಿಯ ಮರದ ಚೌಕಟ್ಟು ಮಾಡಿ, 4 ಅಂಗುಲ ಎತ್ತರದಲ್ಲಿ ವೆಲ್ಡ್ ಮೆಶ್ ಹೊಡೆದು ಅದರೊಳಗೆ ಗರಿಕೆ ಅಥವಾ ಕುದುರೆ ಮಸಾಲೆ (ಲೂಸರ್ನ್ ಮೇವು) ಬೆಳೆಸಿ. ಮೇಲೆ ಬಂದ ತುದಿ ಮಾತ್ರ ತಿನ್ನಲು ಸಿಗುತ್ತದೆ, ಬುಡ ಉಳಿಯುತ್ತದೆ.

ಹಾಸು ಕೆಡುವುದು ಹೆಚ್ಚಾಗಿ ನೀರಿನ ಬಟ್ಟಲಿನ ಸುತ್ತ. ಬಟ್ಟಲನ್ನು ಜಾಲರಿ ಹೊಡೆದ ಚೌಕಟ್ಟಿನ ಮೇಲಿಟ್ಟು, ಕೆಳಗೆ ಒಂದಡಿ ಗುಂಡಿ ತೆಗೆದು ಜೆಲ್ಲಿ ತುಂಬಿ. ಜೆಲ್ಲಿಗೆ ಕೋಳಿ ಅಂಗಳದಲ್ಲಿ ಇದೊಂದೇ ಜಾಗ. ವಾರಕ್ಕೊಮ್ಮೆ ಹಾಸನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ಕೈ ಬಿಚ್ಚಿದಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ತೇವ ಜಾಸ್ತಿ. ಬೆಳಿಗ್ಗೆ ಕೋಳಿಯ ಎತ್ತರಕ್ಕೆ ಬಗ್ಗಿ ಉಸಿರೆಳೆಯಿರಿ. ನಿಂತಾಗ ಬಾರದ ಅಮೋನಿಯಾ ಘಾಟು ಅಲ್ಲಿ ಸಿಗುತ್ತದೆ. ಘಾಟು ಬಂತೆಂದು ಸುಣ್ಣ ಎರಚುವ ಅಭ್ಯಾಸ ನಮ್ಮಲ್ಲಿದೆ. ಹಸಿ ಹಿಕ್ಕೆಗೆ ಸುಣ್ಣ ಬಿದ್ದರೆ ಕ್ಷಾರ ಹೆಚ್ಚಿ ಅಮೋನಿಯಾ ಇನ್ನೂ ಜೋರಾಗಿ ಏಳುತ್ತದೆ. ಸುಣ್ಣ ಬೇಕಿರುವುದು ಹಾಸು ಪೂರ್ತಿ ತೆಗೆದಾಗ, ಗರಸಿನ ಮೇಲೆ ತೆಳುವಾಗಿ, ಅದೂ ಅರಳಿದ ಸುಣ್ಣ. ಸುಟ್ಟ ಸುಣ್ಣ ಕಾಲು ಸುಡುತ್ತದೆ.

ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಕಣ್ಣಿಗೆ ಕಾಣದ ಪರೋಪಜೀವಿಯ ಮೊಟ್ಟೆಗೂ ಸುಣ್ಣ ಮದ್ದಲ್ಲ. ಹಿಕ್ಕೆಯಲ್ಲಿ ಹೊರಬಿದ್ದ ಆ ಮೊಟ್ಟೆಗೆ ತೇವ, ಶಾಖ ಸಿಕ್ಕರೆ ಒಂದೆರಡು ದಿನದಲ್ಲಿ ರೋಗ ಹಚ್ಚುವ ಹಂತಕ್ಕೆ ಬರುತ್ತದೆ. ಅದಕ್ಕೇ ಉತ್ತರೆ, ಹಸ್ತೆ ಮಳೆಯ ದಿನಗಳಲ್ಲಿ ಒದ್ದೆ ಜಾಗವನ್ನು ಅವತ್ತೇ ಸಲಿಕೆಯಲ್ಲಿ ಎತ್ತಿ ಒಣ ಸಿಪ್ಪೆ ತುಂಬುತ್ತೇನೆ. ಎರಡು ಚೀಲ ಯಾವಾಗಲೂ ತಗಡಿನ ಕೆಳಗೆ ಕಟ್ಟಿಟ್ಟಿರುತ್ತದೆ. ಉಳಿದ ಕಾಲದಲ್ಲಿ ಸಂಜೆ ಒಂದು ಹಿಡಿ ಸಜ್ಜೆ ಎರಚಿದರೆ ತಿರುವಿಹಾಕುವ ಕೆಲಸ ಕೋಳಿಗಳದ್ದೇ.

ವರ್ಷಕ್ಕೊಮ್ಮೆ, ಮೇ ಕೊನೆಗೆ, ಮೂರರಲ್ಲಿ ಎರಡು ಪಾಲು ತೆಗೆದು ಹೊಸದು ತುಂಬುವುದು; ರೋಗ ಬಂದಿದ್ದರೆ ಒಂದು ಚೂರೂ ಉಳಿಸದೆ ತೆಗೆಯಬೇಕು. ತೆಗೆದದ್ದನ್ನು ನೇರ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಸಗಣಿ ಬಗ್ಗಡದ ಜೊತೆ ತಿಪ್ಪೆಗುಂಡಿಯಲ್ಲಿ ಆರು ತಿಂಗಳು ಬಿಟ್ಟು ತೆಂಗಿಗೆ ಕೊಡಿ. ಹೊಟ್ಟು ಬೆರೆತ ಭಾಗಕ್ಕೆ ಬೇರೆ ಗುಂಡಿ ಮಾಡಿ, ಅದು ಕೊಳೆಯಲು ಇನ್ನೂ ಹೆಚ್ಚು ಕಾಲ ಬೇಕು.