ಅಂಬೆಗಾಲಿಡೋ ಮಗು ಇದ್ರೆ ಮೊದ್ಲು ಬಚ್ಚಲುಮನೆ ನೋಡಿ

ಎಲ್ರೂ ಪ್ಲಗ್ ಪಾಯಿಂಟ್‌ಗೆ ಕವರ್ ಹಾಕ್ತಾರೆ, ಟೇಬಲ್ ಮೂಲೆಗೆ ರಬ್ಬರ್ ಅಂಟಿಸ್ತಾರೆ, ಒಳ್ಳೇದೇ, ಆದ್ರೆ ನೀರು ಬರಲ್ಲ ಅಂತ ತುಂಬಿಟ್ಟಿರೋ ಬಕೆಟ್ ಮಾತ್ರ ಯಾರ ಕಣ್ಣಿಗೂ ಬೀಳಲ್ಲ. ಪುಟ್ಟ ಮಕ್ಕಳಿಗೆ ಮೈಗೆ ಹೋಲಿಸಿದ್ರೆ ತಲೆ ಭಾರ ಜಾಸ್ತಿ, ಬಗ್ಗಿ ನೋಡಕ್ಕೆ ಹೋಗಿ ತಲೆಕೆಳಗಾಗಿ ಬಿದ್ರೆ ವಾಪಸ್ ಏಳಕ್ಕಾಗಲ್ಲ, ಬರೀ 5 ಸೆಂಟಿಮೀಟರ್ ನೀರು ಇದ್ರೂ ಸಾಕು, ಕೂಗೋ ಸದ್ದೂ ಬರಲ್ಲ. ನಮ್ಮನೇಲಿ ಬಚ್ಚಲು ಬಾಗಿಲಿಗೆ ಹೊರಗಡೆಯಿಂದ, ದೊಡ್ಡೋರ ಎದೆ ಎತ್ತರಕ್ಕೆ ಒಂದು ಚಿಲಕ ಹಾಕಿಸ್ಬಿಟ್ವಿ, ಡ್ರಮ್‌ಗೆ ಬಿಗಿಯಾದ ಮುಚ್ಚಳ, ಬಕೆಟ್ ಖಾಲಿ ಮಾಡಿ ಬೋರಲು ಹಾಕಿಡ್ತೀವಿ. ಸಂಪ್ ಮುಚ್ಚಳಕ್ಕೂ ಬೀಗ ಇರ್ಲಿ.

ಇನ್ನೊಂದು, ಫಿನಾಯಿಲ್, ಸೀಮೆಎಣ್ಣೆ ಹಳೇ ಜ್ಯೂಸ್ ಬಾಟ್ಲಿಗೆ ಹಾಕಿಡೋ ಅಭ್ಯಾಸ ದಯವಿಟ್ಟು ಬಿಡಿ (ನಮ್ಮತ್ತೆಗೆ ಇದನ್ನ ಒಪ್ಸೋಕೆ ಮೂರು ತಿಂಗಳು ಬೇಕಾಯ್ತು!). ಅಕಸ್ಮಾತ್ ಕುಡಿದ್ರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸ್ಬೇಡಿ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಹೋಗತ್ತೆ. 108ಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ ಸಿಕ್ಕ ಗಾಡೀಲಿ ಹೊರಡಿ, ಆ ಬಾಟ್ಲಿನೂ ಜೊತೆಗೆ ತಗೊಂಡೋಗಿ ಡಾಕ್ಟ್ರಿಗೆ ತೋರಿಸಿ.

ರಿಮೋಟ್‌ನಲ್ಲಿರೋ ಗುಂಡಿ ಥರದ ಸೆಲ್ಲು ನುಂಗಿದ್ರೂ ಅಷ್ಟೇ, ಬಾಳೆಹಣ್ಣು ತಿನ್ನಿಸ್ತಾ ಕಾಯ್ಬೇಡಿ, ಗಂಟಲಲ್ಲಿ ಸಿಕ್ಕಾಕೊಂಡ್ರೆ 2 ಗಂಟೇಲೇ ಅನ್ನನಾಳ ಸುಟ್ಟೋಗ್ಬಹುದು.